ಎತ್ತಿಗೆ ಬಿಡುವಿದ್ದ ದಿನ



ಹಳ್ಳಿಯ ಹಬ್ಬಗಳ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದಾಗ ನಾನೊಂದು ಷರತ್ತು ಹಾಕಿದೆ. ದೇವರ ಕಡೆಯಿಂದ ಮಾತಾಡುವುದಿಲ್ಲ, ನೆರೆಮನೆಯ ಕಡೆಯಿಂದ ಮಾತಾಡುತ್ತೇನೆ ಅಂದೆ. ಯಾವ ಹಬ್ಬಕ್ಕೆ ಯಾವ ದೇವರು, ಅದರ ಕಥೆ ಯಾವ ಪುರಾಣದಲ್ಲಿದೆ ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ ಬೇರೆ. ಇನ್ನೂರು ಮನೆಯ ಊರು. ಬದುವಿನ ಸಲುವಾಗಿ ಕೋರ್ಟು ಹತ್ತಿದವರು ಅಲ್ಲಿದ್ದಾರೆ, ಚುನಾವಣೆ ಸಲುವಾಗಿ ಮಾತು ಬಿಟ್ಟವರಿದ್ದಾರೆ. ಅಂಥ ಊರಲ್ಲಿ ಎಲ್ಲರೂ ಒಂದೇ ದಿನ, ಒಂದೇ ಹೊತ್ತಿಗೆ ಮನೆ ಬಿಟ್ಟು ಹೊರಗೆ ಬರುವುದು ಹೇಗೆ ಸಾಧ್ಯವಾಗುತ್ತಿತ್ತು?

ನಾನು ಹೇಳುವುದೆಲ್ಲ ಎರಿ ಭೂಮಿಯ ಸೀಮೆಯದು. ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ ಜಿಲ್ಲೆಗಳ ಒಣಬೇಸಾಯದ ಊರುಗಳು. ಮುಂಗಾರಿಗೆ ಹೆಸರು, ಸಜ್ಜಿ, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡ್ಲಿ, ಕುಸುಬಿ. ಮಲೆನಾಡಿನವರು, ಕರಾವಳಿಯವರು ಇಲ್ಲಿದ್ದರೆ ಅವರ ಲೆಕ್ಕ ಬೇರೆ ಇರುತ್ತದೆ. ಆಮೇಲೆ ಅವರು ನನ್ನನ್ನು ತಿದ್ದಬಹುದು.

ಜನ ಯಾಕೆ ಕೂಡುತ್ತಿದ್ದರು ಎಂದು ಕೇಳಿದರೆ ಭಕ್ತಿ ಅನ್ನುತ್ತಾರೆ, ಸಂಪ್ರದಾಯ ಅನ್ನುತ್ತಾರೆ, ಆಗಿನವರ ಮನಸ್ಸು ದೊಡ್ಡದಿತ್ತು ಅನ್ನುತ್ತಾರೆ. ಮನಸ್ಸಿನ ಅಳತೆ ನಾನು ತೆಗೆಯಲಾರೆ. ನನ್ನ ಉತ್ತರ ಸ್ವಲ್ಪ ಕೆಳಮಟ್ಟದ್ದು, ಕೊಟ್ಟಿಗೆಯ ಮಟ್ಟದ್ದು. ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇರುತ್ತಿರಲಿಲ್ಲ. ಎತ್ತು ಸುಮ್ಮನಿದ್ದರೆ ಒಕ್ಕಲಿಗ ಸುಮ್ಮನಿರಬೇಕು. ನಿಮ್ಮ ಎತ್ತು, ನನ್ನ ಎತ್ತು, ಊರ ಎತ್ತು ಎಲ್ಲ ಒಂದೇ ದಿನ ಗೋದಲಿಯ ಮುಂದೆ ನಿಂತರೆ ಊರಿಗೆ ಊರೇ ಖಾಲಿ. ಕೂಡುವುದಕ್ಕೆ ಮೊದಲು ಬೇಕಾದದ್ದು ಈ ಖಾಲಿ ಹೊತ್ತು. ಭಕ್ತಿ, ಊಟ, ಹಾಡು, ಜಗಳ ಎಲ್ಲ ಅದರೊಳಗೆ ಆಮೇಲೆ ತುಂಬಿಕೊಂಡವು ಎಂಬುದು ನನ್ನ ವಾದ.

ಸೋಮವಾರವನ್ನೇ ತೆಗೆದುಕೊಳ್ಳಿ. ಸೋಮವಾರ ಬಸವಣ್ಣನ ವಾರ, ಗಳೇ ಹೂಡಬಾರದು. ಅಮಾವಾಸ್ಯೆಗೂ ಹೂಡಬಾರದು. ಇದನ್ನು ಯಾರೂ ಬರೆದು ಅಂಟಿಸಿರಲಿಲ್ಲ. ಯಾವನಾದರೂ ಆಸೆಬುರುಕ ಅಮಾವಾಸ್ಯೆಯ ದಿನ ಕುಂಟಿ ಹೊಡೆದರೆ ಸಂಜೆಯೊಳಗೆ ಕಟ್ಟೆಯ ಮೇಲೆ ಅವನ ಮಾತೇ ಮಾತು. ಅವನ ಎತ್ತಿಗೆ ಕಾಲು ಉಳುಕಿದರಂತೂ ಮುಗಿಯಿತು, ವರ್ಷಗಟ್ಟಲೆ ಅದೇ ಉದಾಹರಣೆ. ಈ ನಿಷೇಧದೊಳಗೆ ದನದ ಮೇಲಿನ ಕರುಣೆ ಇದ್ದದ್ದು ನಿಜ. ಜೊತೆಗೆ ಇನ್ನೊಂದು ಉಪಾಯವೂ ಇತ್ತು. ಒಬ್ಬ ದುಡಿದರೆ ಪಕ್ಕದವನಿಗೂ ಕೈ ಕಟ್ಟಿ ಕೂಡಲಾಗುವುದಿಲ್ಲ, ಹದ ಹೋದೀತೆಂಬ ಹೆದರಿಕೆ. ಎಲ್ಲರಿಗೂ ಒಟ್ಟಿಗೇ ತಡೆ ಹಾಕಿದಾಗ ಮಾತ್ರ ಯಾರಿಗೂ ನಷ್ಟವಿಲ್ಲದ ಬಿಡುವು ಹುಟ್ಟುತ್ತದೆ.

ವರ್ಷದ ಹಬ್ಬಗಳನ್ನು ಈ ಕಣ್ಣಿನಿಂದ ನೋಡುತ್ತ ಹೋಗೋಣ. ಎಲ್ಲವನ್ನೂ ಹೇಳಲು ಹೋದರೆ ಸಭೆಯ ಅಧ್ಯಕ್ಷರು ಚೀಟಿ ಕಳಿಸಿಯಾರು. ಕೆಲವನ್ನು ದಾಟಿಸಿಬಿಡುತ್ತೇನೆ.

ಮೊದಲನೆಯದು ಕಾರ ಹುಣ್ಣಿಮೆ, ಜ್ಯೇಷ್ಠ ಮಾಸದ ಹುಣ್ಣಿಮೆ. ರೋಹಿಣಿ, ಮೃಗಶಿರಾ ಮಳೆಗಳ ಆಸುಪಾಸು. ಬೇಸಿಗೆಯ ನೇಗಿಲು, ಹರಗುವ ಕೆಲಸ ಮುಗಿದು ಮುಂಗಾರಿ ಬಿತ್ತಿಗೆ ಎದುರಿಗಿರುವ ಹೊತ್ತು. ಎತ್ತುಗಳನ್ನು ಹಳ್ಳಕ್ಕೋ ಕೆರೆಗೋ ಒಯ್ದು ಮೈ ತೊಳೆಯುತ್ತಾರೆ. ಬಿದಿರಿನ ಗೊಟ್ಟದಲ್ಲಿ ಎಣ್ಣೆ, ತತ್ತಿ, ಅರಿಷಿಣ ಕಲಸಿ ಬಾಯಿಗೆ ಹಾಕುತ್ತಾರೆ. ಇದನ್ನು ಹತ್ತಿರದಿಂದ ನೋಡಬೇಕು. ಒಬ್ಬ ಮೂಗುದಾಣಿ ಹಿಡಿದು ಎತ್ತಿನ ಮೋರೆಯನ್ನು ಮೇಲಕ್ಕೆತ್ತಿ ನಿಲ್ಲಬೇಕು, ಇನ್ನೊಬ್ಬ ದವಡೆಯ ಸಂದಿಯಲ್ಲಿ ಗೊಟ್ಟ ತೂರಿಸಿ ಒಳಗಿನದನ್ನು ಸುರಿಯಬೇಕು, ಮೂರನೆಯವನು ಗಂಟಲ ಮೇಲೆ ಕೈಯಾಡಿಸಿ ನುಂಗಿತೋ ಇಲ್ಲವೋ ನೋಡಬೇಕು. ಎತ್ತು ಒಮ್ಮೆ ತಲೆ ಕೊಡವಿದರೆ ಮೂವರ ಅಂಗಿಯೂ ಹಳದಿ. ಒಂದು ಮನೆಯ ಗಂಡಸರಿಂದ ಆಗುವ ಕೆಲಸ ಇದಲ್ಲ. ಹೀಗಾಗಿ ಓಣಿಯ ನಾಲ್ಕು ಮನೆಯವರು ಸೇರಿ ಒಂದೊಂದೇ ಕೊಟ್ಟಿಗೆ ಮುಗಿಸುತ್ತ ಹೋಗುತ್ತಾರೆ. ಆಮೇಲೆ ಕೋಡಿಗೆ ಹುರಮಂಜು, ಕೋಡಣಸು, ಹಣೆಪಟ್ಟಿ, ಗೆಜ್ಜಿಸರ, ಬೆನ್ನ ಮೇಲೆ ಝೂಲ. ಈಗೀಗ ಬಲೂನು, ರಿಬ್ಬನ್ನು, ಆಯಿಲ್ ಪೇಂಟು ಬಂದಿವೆ.

ಸಂಜೆ ಅಗಸಿಯಲ್ಲಿ, ಅಂದರೆ ಊರ ಹೆಬ್ಬಾಗಿಲಲ್ಲಿ, ಕರಿ ಹರಿಯುವುದು. ಬೇವು, ಮಾವಿನ ತೊಪ್ಪಲು ಕಟ್ಟಿದ ಹಗ್ಗವನ್ನು ಅಗಸಿಗೆ ಅಡ್ಡ ಹಿಡಿಯುತ್ತಾರೆ, ಎತ್ತುಗಳನ್ನು ಓಡಿಸುತ್ತಾರೆ. ಬಿಳಿಯ ಎತ್ತು ಮೊದಲು ಹರಿದರೆ ಹಿಂಗಾರಿ ಚಲೋ, ಬಿಳಿಜೋಳದಂಥ ಬೆಳೆ ಬಂಪರ್. ಕೆಂದೆತ್ತು ಹರಿದರೆ ಮುಂಗಾರಿ. ಈ ಭವಿಷ್ಯ ನಂಬಿ ಯಾವ ರೈತನೂ ತನ್ನ ಬೀಜ ಬದಲಿಸಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಅದರ ನೆಪದಲ್ಲಿ ಕಟ್ಟೆಯ ಮೇಲೆ ಮಾತು ಶುರುವಾಗುತ್ತದೆ. ಯಾರ ಹೊಲದಲ್ಲಿ ಎಷ್ಟು ಹಸಿ ಹಿಡಿದಿದೆ, ಯಾರ ಬಳಿ ಬೀಜ ಉಳಿದಿದೆ, ಯಾರದು ಒಂದೇ ಎತ್ತು, ಯಾರ ಕೂರಿಗಿ ಬಡಿಗೇರ ಮನೆಯಲ್ಲಿ ಬಿದ್ದಿದೆ. ಒಂದೇ ಎತ್ತಿದ್ದವನಿಗೆ ಇನ್ನೊಂದೇ ಎತ್ತಿದ್ದವನ ಜೋಡಿ ಅವತ್ತೇ ಕುದುರುತ್ತಿತ್ತು: ಮೊದಲು ನಿನ್ನ ಹೊಲ, ಆಮೇಲೆ ನನ್ನ ಹೊಲ. ಬಿತ್ತಿಗೆಯ ಒಪ್ಪಂದಗಳಿಗೆ ಕಾರ ಹುಣ್ಣಿಮೆಯ ಕಟ್ಟೆಗಿಂತ ಒಳ್ಳೆಯ ಕಚೇರಿ ಇರಲಿಲ್ಲ. ರುಜುವಿಲ್ಲ, ಸಾಕ್ಷಿಗೆ ಊರೇ ಇದೆ.

ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಜೀವಂತ ಎತ್ತಿನ ಹಬ್ಬ ದೊಡ್ಡವರದಾದರೆ ಮಣ್ಣಿನ ಎತ್ತಿನದು ಹುಡುಗರದು. ಮರುದಿನ ಕುಂಟ ಎತ್ತೊಂದನ್ನು ಹಲಗೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಜೋಳ ಬೇಡಿ, ಅದನ್ನು ಮಾರಿಯೋ ಬೇಯಿಸಿಯೋ ತಿನ್ನುವುದು. ಬೇಡುವುದು ನಾಚಿಕೆಯ ಕೆಲಸ ಎಂದು ಕಲಿಯುವ ಮೊದಲೇ ಎಲ್ಲ ಮನೆಯ ಬಾಗಿಲೂ ಗೊತ್ತಾಗಿರುತ್ತಿದ್ದವು. ಆಷಾಢದ ಮಂಗಳವಾರಗಳ ಗುಳ್ಳವ್ವ ಹೆಣ್ಣುಮಕ್ಕಳದು. ಅದನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ.

ಈಗ ಒಂದು ಕಹಿ ಮಾತು. ಎತ್ತಿಗೆ ಬಿಡುವು ಅಂದೆ, ಎತ್ತು ಹೊಡೆಯುವವನಿಗೆ ಬಿಡುವು ಅಂದೆ. ಅವನ ಹೆಂಡತಿಗೆ? ಹಬ್ಬ ಅಂದರೆ ಆಕೆಗೆ ದುಪ್ಪಟ್ಟು ದುಡಿಮೆ. ನಸುಕಿಗೆ ಎದ್ದು ಸಾರಿಸಬೇಕು, ಕಡುಬು ಕಟ್ಟಬೇಕು, ಹೋಳಿಗೆ ಬೇಯಿಸಬೇಕು, ಬಂದವರಿಗೆ ಬಡಿಸಬೇಕು, ತಾನು ಉಣ್ಣುವುದು ಇಳಿಹೊತ್ತಿಗೆ. ಹಬ್ಬದ ಬಗ್ಗೆ ಬರೆದ ಗಂಡಸರು, ನಾನೂ ಸೇರಿ, ಹೋಳಿಗೆಯ ರುಚಿಯನ್ನು ವರ್ಣಿಸಿದಷ್ಟು ಹಂಚಿನ ಮುಂದಿನ ಬೆವರನ್ನು ವರ್ಣಿಸಿಲ್ಲ.

ಹೆಣ್ಣುಮಕ್ಕಳಿಗೆ ನಿಜವಾದ ರಜೆ ಸಿಗುತ್ತಿದ್ದದ್ದು ಒಂದೇ, ಅದು ಶ್ರಾವಣದ ನಾಗರ ಪಂಚಮಿ. ಅದೂ ತವರಿಗೆ ಹೋದರೆ ಮಾತ್ರ. ಪಂಚಮಿಗೆ ನೆಲ ಅಗೆಯಬಾರದು, ಗಳೇ ಹೂಡಬಾರದು, ಹಾವಿಗೆ ಪೆಟ್ಟಾದೀತು ಎಂದು ಗಂಡಸರ ಕೆಲಸ ನಿಲ್ಲುತ್ತದೆ. ಹೆಣ್ಣುಮಕ್ಕಳ ಅಡಿಗೆ ಕೆಲಸವೂ ಮುಂಚೆಯೇ ಮುಗಿದಿರುತ್ತದೆ. ಯಾಕೆಂದರೆ ಈ ಹಬ್ಬದ ತಿನಿಸೆಲ್ಲ ವಾರ ಇಟ್ಟರೂ ಕೆಡದ ಉಂಡಿ: ಶೇಂಗಾ ಉಂಡಿ, ಎಳ್ಳುಂಡಿ, ಬುಂದಿ ಉಂಡಿ, ತಂಬಿಟ್ಟು, ಜೊತೆಗೆ ಜೋಳದ ಅರಳು. ಡಬ್ಬಿ ತೆರೆದು ಕೈಗೆ ಕೊಟ್ಟರೆ ಉಪಚಾರ ಮುಗಿಯಿತು. ಮಧ್ಯಾಹ್ನದಿಂದ ಬೇವಿನ ಮರದ ಜೋಕಾಲಿ. ಗಂಡನ ಮನೆಯಲ್ಲಿ ತಲೆ ಮೇಲಿನ ಸೆರಗು ಜಾರಿಸದಾಕೆ ಇಲ್ಲಿ ಇಬ್ಬರನ್ನು ಕೂರಿಸಿಕೊಂಡು ನಿಂತು ಜೀಕುತ್ತಾಳೆ. ಹುಡುಗರದು ಪಂದ್ಯ: ಅಗಸಿಯಿಂದ ಹನುಮಪ್ಪನ ಗುಡಿವರೆಗೆ ಲಿಂಬೆಹಣ್ಣನ್ನು ಎಷ್ಟು ಎಸೆತಕ್ಕೆ ಮುಟ್ಟಿಸುತ್ತಿ ಎಂಬಂಥವು.

ತವರಿಗೆ ಬಂದವಳು ಎದುರುಮನೆಗೂ ತವರಿಗೆ ಬಂದವಳೇ. ಅಲ್ಲೊಂದು ಉಂಡಿ, ಇಲ್ಲೊಂದು ಉಂಡಿ, ಪ್ರತಿ ಮನೆಯಲ್ಲೂ ಅದೇ ವಿಚಾರಣೆ: ಅತ್ತಿ ಹೆಂಗದಾಳ, ಕೂಸಿಗೆ ಎಷ್ಟು ತಿಂಗಳಾತು, ಗಂಡ ಕುಡಿಯೂದು ಬಿಟ್ಟನೇನು. ಈ ಮೂರನೆಯ ಪ್ರಶ್ನೆಯನ್ನು ತಾಯಿ ಕೇಳಲಾರಳು, ನೆರೆಮನೆಯ ದೊಡ್ಡವ್ವ ಕೇಳುತ್ತಾಳೆ. ಇಂಥ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನ ತಂದಾಗ ನಾಡಿನ ವಿದ್ವಾಂಸರು ಬೆರಗಾದರು, ಓದುಬರಹ ಇಲ್ಲದವರ ಬಾಯಲ್ಲಿ ಇಷ್ಟು ಕಾವ್ಯವೇ ಎಂದು. ಆ ಹೆಣ್ಣುಮಕ್ಕಳಿಗೆ ಬೀಸುಕಲ್ಲಿನ ಮುಂದೆ ಒಂದು ಬಗೆಯ ಏಕಾಂತ ಇತ್ತು, ಪಂಚಮಿಯಂಥ ದಿನ ಅಲ್ಲಿ ಹುಟ್ಟಿದ ಹಾಡನ್ನು ಕೇಳುವ ಕಿವಿ ಇದ್ದವು.

ಪಂಚಮಿಗೆ ಹೊಸ ರೆಕ್ಕೆ ಬಂದದ್ದು ಇತ್ತೀಚೆಗೆ. ಮೊದಲು ಅಣ್ಣನೋ ತಮ್ಮನೋ ಕರೆಯಲು ಬರಬೇಕಿತ್ತು. ಆತ ಬಾರದಿದ್ದರೆ ಆಕೆ ಬಾಗಿಲಲ್ಲಿ ನಿಂತು ಹಾದಿ ನೋಡಬೇಕಿತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಬಸ್ಸು ಬಂತು. ಈಗ ಆಧಾರ್ ಕಾರ್ಡು ತೋರಿಸಿ ಆಕೆಯೇ ಬರುತ್ತಾಳೆ, ಅಣ್ಣ ಬಸ್ ಸ್ಟ್ಯಾಂಡಿಗೆ ಬೈಕು ತಂದರೆ ಸಾಕು. ಹಬ್ಬಗಳೆಲ್ಲ ಸೊರಗುತ್ತಿವೆ ಎಂದು ಗೋಳಾಡುವವರು ಪಂಚಮಿಯ ಹಿಂದಿನ ದಿನ ನಮ್ಮ ಯಾವುದಾದರೂ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯಲು ನೋಡಬೇಕು.

ಭಾದ್ರಪದದ ಜೋಕುಮಾರನನ್ನು ಬಿಡುವ ಹಾಗಿಲ್ಲ. ಗಣಪತಿಯ ಬೆನ್ನಿಗೇ, ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ದೇವರು. ಗಣಪತಿಯನ್ನು ನೋಡಲು ನಾವು ಹೋಗಬೇಕು. ಜೋಕುಮಾರ ಬುಟ್ಟಿಯಲ್ಲಿ ಕೂತು, ಬಾಯಿಗೆ ಬೆಣ್ಣೆ ಬಳಿಸಿಕೊಂಡು, ಬೇವಿನ ತೊಪ್ಪಲಿನೊಳಗಿಂದ ಮೋರೆ ತೋರಿಸುತ್ತ ತಾನೇ ಮನೆ ಮನೆಗೆ ಬರುತ್ತಾನೆ. ಹೊತ್ತು ತರುವವರು ಅಂಬಿಗರ ಮನೆಯ, ತಳವಾರರ ಮನೆಯ ಹೆಂಗಸರು. ಗೌಡರ ಮನೆಯಾಕೆ ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ತಂದು ಅವರ ಮುಂದೆ ಕೂರಬೇಕು, ಅವರು ಹಾಡಿದ್ದನ್ನು ಕೇಳಬೇಕು. ಹಾಡು ಪೋಲಿಯಾಗಿದ್ದರೂ ಕೇಳಬೇಕು! ಚಂದ್ರಶೇಖರ ಕಂಬಾರರು 1972ರಲ್ಲಿ 'ಜೋಕುಮಾರಸ್ವಾಮಿ' ನಾಟಕ ಬರೆದಾಗ ಈ ಆಚರಣೆಯೊಳಗಿದ್ದ ಭೂಮಿಯ ಒಡೆತನದ ಪ್ರಶ್ನೆಯನ್ನು ರಂಗಕ್ಕೆ ತಂದರು. ಮೊರದ ಆ ಕಡೆ ಯಾರು, ಈ ಕಡೆ ಯಾರು ಎಂದು ಗಮನಿಸಿದವರಿಗೆ ನಾಟಕದ ಅರ್ಧ ಅಲ್ಲೇ ಸಿಕ್ಕುತ್ತದೆ.

ಸೀಗಿ ಹುಣ್ಣಿಮೆ ಬರುವುದು ಆಶ್ವೀಜದಲ್ಲಿ. ಮಲೆನಾಡಿನವರ ಭೂಮಿ ಹುಣ್ಣಿಮೆಯೂ ಅದೇ ದಿನ. ಅಲ್ಲಿ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಚಿತ್ತಾರ ಬರೆದು ಗದ್ದೆಗೆ ಹೊರುತ್ತಾರೆ. ಅಲ್ಲೂ ಇಲ್ಲೂ ನಂಬಿಕೆ ಒಂದೇ: ಬೆಳೆ ಹೊತ್ತ ಭೂಮಿ ಬಸುರಿ, ಬಯಕೆಯ ಊಟ ಹಾಕಬೇಕು, ಅವತ್ತು ಆಕೆಯ ಮೈಗೆ ಕಬ್ಬಿಣ ತಾಗಿಸಬಾರದು. ಮತ್ತೆ ಅದೇ ತಡೆ, ಮತ್ತೆ ಅದೇ ಖಾಲಿ ಹೊತ್ತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಎಳ್ಳಮಾಸಿ. ಮಾರ್ಗಶಿರದ ಅಮಾವಾಸ್ಯೆ, ಡಿಸೆಂಬರ್ ಕೊನೆ ಅಥವಾ ಜನವರಿ. ಬಿಳಿಜೋಳ ಹಾಲುಗಾಳಾಗಿರುತ್ತದೆ, ಕಡ್ಲಿ ಗಿಡದಲ್ಲಿ ಹುಳಿ ಇಳಿದು ಕೈಗೆ ಅಂಟುತ್ತದೆ, ಕುಸುಬಿ ಮುಳ್ಳು ಕಟ್ಟುತ್ತಿರುತ್ತದೆ. ಎರಿ ಭೂಮಿಯಲ್ಲಿ ಹಿಂಗಾರಿ ಬೆಳೆ ಮಳೆಯ ಮೇಲಲ್ಲ, ನೆಲದೊಳಗೆ ಉಳಿದ ಹಸಿಯ ಮೇಲೆ, ಥಂಡಿಯ ಮೇಲೆ ಬೆಳೆಯುತ್ತದೆ. ಈ ಹೊತ್ತಿಗೆ ರೈತ ಮಾಡಬೇಕಾದದ್ದೆಲ್ಲ ಮಾಡಿಯಾಗಿದೆ. ಇನ್ನು ಹಕ್ಕಿ ಓಡಿಸುವುದು, ಕಾಯುವುದು ಅಷ್ಟೇ. ಊರೂಟಕ್ಕೆ ಇದಕ್ಕಿಂತ ತಕ್ಕ ದಿನವನ್ನು ಯಾವ ಸಮಿತಿಯೂ ಆರಿಸಲಾರದು.

ಹಿಂದಿನ ನಾಲ್ಕೈದು ದಿನ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಒಣಗಿ ಕಡಕ್ ಆಗಬೇಕು. ಇವತ್ತು ನಮ್ಮ ಮನೆಯಲ್ಲಿ ನೀನು ಬಡಿ, ನಾಳೆ ನಿಮ್ಮ ಮನೆಗೆ ನಾನು ಬರುತ್ತೇನೆ ಎಂಬ ಮುಯ್ಯಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಮಾದಲಿ, ಅಂಬಲಿ. ಕಲಬುರಗಿ, ಬೀದರ ಕಡೆ ಭಜ್ಜಿ ಇಲ್ಲದೆ ಎಳ್ಳಮಾಸಿ ಇಲ್ಲ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಎಂದು ತಿಳಿಯಬೇಡಿ. ಆ ಹೊತ್ತಿಗೆ ಹೊಲದಲ್ಲಿ, ಸಂತೆಯಲ್ಲಿ ಸಿಗುವ ಹಸಿ ತೊಗರಿ, ಹಸಿ ಕಡ್ಲಿ, ಅವರೆ, ಬದನೆ, ಗಜ್ಜರಿ, ಮೆಂತ್ಯ, ಪಾಲಕ ಎಲ್ಲ ಒಂದೇ ಪಾತ್ರೆಗೆ ಹೋಗಿ, ಹುಣಸೆ ಹುಳಿ ಹಿಂಡಿಸಿಕೊಂಡು, ಕಡ್ಲಿ ಹಿಟ್ಟಿನಲ್ಲಿ ಗಟ್ಟಿಯಾಗಿ ಕುದಿಯುವ ಪಲ್ಯ. ನಿಮ್ಮ ಹಿತ್ತಲಲ್ಲಿ ಅವರೆ ಇಲ್ಲದಿದ್ದರೆ ಪಕ್ಕದ ಹಿತ್ತಲಿಂದ ತರಬೇಕು, ಅವರಿಗೆ ಮೆಂತ್ಯ ಕೊಟ್ಟು ಬರಬೇಕು. ಒಂದೇ ಮನೆಯ ಬೆಳೆಯಿಂದ ಭಜ್ಜಿ ಆಗುವುದು ಅಪರೂಪ.

ಬುತ್ತಿಯನ್ನು ಚಕ್ಕಡಿಯಲ್ಲಿಟ್ಟುಕೊಂಡು, ಕರಿ ಕಂಬಳಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೊಲಕ್ಕೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಬಳಿದರೆ ಪಾಂಡವರು ಬಂದಂತೆ. ಪೂಜೆ ಬೇಗ ಮುಗಿಯುತ್ತದೆ. ಆಮೇಲೆ ಎಡೆಯ ಅಡಿಗೆಯನ್ನೆಲ್ಲ ಕಲಸಿ, ಹೊಲದ ನಾಲ್ಕೂ ದಿಕ್ಕಿಗೆ ಒಬ್ಬ ಚರಗ ಚೆಲ್ಲುತ್ತ ಕೂಗುತ್ತಾನೆ, ಹಿಂದೆ ನೀರು ಚಿಮುಕಿಸುವವನು ಓಗೊಡುತ್ತಾನೆ. ಆ ಕೂಗು ಊರಿಂದ ಊರಿಗೆ ಬೇರೆ. ಒಂದು ಹೊಲದ ಕೂಗು ಕೇಳಿ ಪಕ್ಕದ ಹೊಲದವರು ಇನ್ನಷ್ಟು ಗಟ್ಟಿಯಾಗಿ ಕೂಗುತ್ತಾರೆ, ನೋಡನೋಡುತ್ತ ಇಡೀ ಸೀಮೆ ಕೂಗುತ್ತದೆ. ಊಟಕ್ಕೆ ಹೊಲದವರು ಮಾತ್ರ ಕೂತರೆ ಅದು ಮನೆಯೂಟವಾಯಿತು. ಹೊಲ ಇಲ್ಲದವರನ್ನು, ಶಾಲೆಯ ಮಾಸ್ತರನ್ನು, ಪೋಸ್ಟ್‌ಮನ್‌ನನ್ನು, ದಾರಿಯಲ್ಲಿ ಹೋಗುವವನನ್ನು ಕರೆಯಬೇಕು. ಬದುವಿನ ಆಚೆಯವನನ್ನೂ ಕರೆಯಬೇಕು. ಕೋರ್ಟಿನಲ್ಲಿ ಕೇಸಿದ್ದರೂ ಬುತ್ತಿಯ ಎರಡು ರೊಟ್ಟಿಯನ್ನು ಹುಡುಗನ ಕೈಯಲ್ಲಿ ಬದು ದಾಟಿಸಿದವರನ್ನು ನಾನು ನೋಡಿದ್ದೇನೆ. ಕೇಸು ಹಿಂದೆ ತೆಗೆದುಕೊಳ್ಳಲಿಲ್ಲ, ಅದು ಬೇರೆ ಮಾತು.

ಊಟವಾದ ಮೇಲೆ ಸೀತನಿ. ನೆಲದಲ್ಲಿ ಸಣ್ಣ ಕುಣಿ ತೋಡಿ ಕುಳ್ಳಿನ ಬೆಂಕಿ ಮಾಡಿ, ಹಾಲುಗಾಳಿನ ಜೋಳದ ತೆನೆಗಳನ್ನು ಕೆಂಡದೊಳಗೆ ಹೂಳಿ, ಹೊರತೆಗೆದು ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಬೇಕು. ಆರಿದರೆ ಕಾಳು ಬಿಡುವುದಿಲ್ಲ. ತಿಕ್ಕುವವನ ಅಂಗೈ ಕೆಂಪಾಗುತ್ತದೆ, ತಿನ್ನುವವರು ಹತ್ತು ಮಂದಿ ಇರುತ್ತಾರೆ. ಬೆಲ್ಲ, ಕೊಬ್ಬರಿ, ಹಿಂಡಿ ಜೊತೆಗೆ. ಪಕ್ಕದಲ್ಲಿ ಹಸಿ ಕಡ್ಲಿಯ ಗಿಡವನ್ನೇ ಸುಟ್ಟ ಸುಲಗಾಯಿ. ಸಂಜೆಗೆ ಎಲ್ಲರ ತುಟಿಯೂ ಕಪ್ಪು.

ಇಷ್ಟು ಹೇಳಿ ನಿಲ್ಲಿಸಿದರೆ ಚಂದದ ಚಿತ್ರ ಆಗುತ್ತದೆ, ಸತ್ಯ ಆಗುವುದಿಲ್ಲ. ಎಲ್ಲರನ್ನೂ ಕರೆಯುತ್ತಿದ್ದರು ಅಂದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ. ಕೇರಿಯವರಿಗೆ ಬುತ್ತಿ ದೂರದಿಂದ ಬೀಳುತ್ತಿತ್ತು, ನೀರು ಮೇಲಿಂದ ಸುರಿಯುತ್ತಿತ್ತು. ಕಾರ ಹುಣ್ಣಿಮೆಗೆ ಎತ್ತಿನ ಕೊರಳಿಗೆ ಬೀಳುವ ಚರ್ಮದ ಪಟ್ಟಿ, ಬಾರಕೋಲಿನ ಬಾರು ಮಾಡಿಕೊಟ್ಟವರು, ಹಲಗಿ ಬಾರಿಸಿದವರು ಅವರೇ. ಅವರಿಲ್ಲದೆ ಹಬ್ಬವೇ ಇಲ್ಲ, ಹಬ್ಬದೊಳಗೆ ಅವರಿಗೆ ಜಾಗವೂ ಇಲ್ಲ. ಇನ್ನು ಕೂಲಿಯವರ ಲೆಕ್ಕ: ಎತ್ತಿಗೆ ರಜೆ ಎಂದರೆ ಅವತ್ತು ಕೂಲಿ ಇಲ್ಲ. ಒಕ್ಕಲಿಗನ ಬಿಡುವು ಅವರ ಒಲೆಗೆ ಉಪವಾಸ ತರುತ್ತಿತ್ತು. ಕರೆದವರ ಮನೆಗೆ ಉಣ್ಣಲು ಹೋಗುವುದು ಪ್ರೀತಿಯ ಸಂಗತಿ ಅಷ್ಟೇ ಆಗಿರಲಿಲ್ಲ.

ಕಣದಲ್ಲೂ ಹೀಗೆಯೇ. ಜೋಳ ಕಿತ್ತು, ಸೂಡು ಕಟ್ಟಿ, ಹೆಂಗಸರು ತೆನೆ ಮುರಿದು ಕಣಕ್ಕೆ ಹಾಕಿದ ಮೇಲೆ ಮೇಟಿಯ ಸುತ್ತ ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದರು. ಬೆಳದಿಂಗಳಲ್ಲಿ, ರಾತ್ರಿಯೆಲ್ಲ, ನಿದ್ದೆ ಬಾರದಿರಲೆಂದು ಹಂತಿಪದ. ಅಕ್ಕಪಕ್ಕದ ಕಣದವರು ಒಬ್ಬರ ಪದಕ್ಕೆ ಇನ್ನೊಬ್ಬರು ಸೊಲ್ಲು ಹಿಡಿಯುತ್ತಿದ್ದರು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದರು. ಬಡಿಗೇರ, ಕಂಬಾರ, ಕುಂಬಾರ, ಅಗಸರ, ಹಡಪದ, ಸಮಗಾರ, ತಳವಾರ, ಎಲ್ಲ ಆಯಗಾರರು ತಮ್ಮ ತಮ್ಮ ಪಾಲಿಗೆ ಬಂದು ನಿಲ್ಲುತ್ತಿದ್ದರು. ವರ್ಷದ ದುಡಿಮೆಯ ಸಂಬಳ ಒಂದೇ ರಾತ್ರಿ, ಒಬ್ಬನ ಮೊರದ ಮರ್ಜಿಯಲ್ಲಿ. ಹಂತಿಪದಗಳನ್ನು ಸಂಗ್ರಹಿಸಿದ ನಾವು ಈ ಮರ್ಜಿಯನ್ನು ಹೆಚ್ಚಾಗಿ ಸಂಗ್ರಹಿಸಲಿಲ್ಲ. ಆ ಮನೆಗಳ ಮಕ್ಕಳು ಆಯ ಬಿಟ್ಟು ಪಟ್ಟಣ ಸೇರಿದ್ದನ್ನು ಊರು ಒಡೆಯಿತು ಎಂದು ಬಣ್ಣಿಸುವವರ ಜೊತೆ ನಾನಿಲ್ಲ.

ಹಾಗಾದರೆ ಬದಲಾದದ್ದು ಏನು? ಟಿ.ವಿ. ಬಂತು, ಮೊಬೈಲು ಬಂತು ಎಂಬ ಉತ್ತರ ಸಿದ್ಧವಾಗಿದೆ. ನಾನು ಟ್ರ್ಯಾಕ್ಟರಿನ ಕಡೆ ಬೆರಳು ತೋರಿಸುತ್ತೇನೆ. ಟ್ರ್ಯಾಕ್ಟರಿಗೆ ಸೋಮವಾರ ಗೊತ್ತಿಲ್ಲ. ಊರಲ್ಲಿ ಎಲ್ಲರ ಮನೆಯಲ್ಲೂ ಅದು ಇರುವುದೂ ಇಲ್ಲ. ಇದ್ದವರಿಂದ ತಾಸಿನ ಬಾಡಿಗೆಗೆ ಪಡೆಯಬೇಕು. ಮಳೆ ಬಿದ್ದು ಹದ ಬಂದಾಗ ಎಲ್ಲರಿಗೂ ಒಟ್ಟಿಗೇ ಬೇಕು. ಹೀಗಾಗಿ ಪಾಳಿ. ನಿಮ್ಮ ಹೊಲಕ್ಕೆ ರಾತ್ರಿ ಎರಡಕ್ಕೆ, ನಮ್ಮ ಹೊಲಕ್ಕೆ ಮಧ್ಯಾಹ್ನ. ನೀವು ಮಲಗಿದಾಗ ನಾನು ಎದ್ದಿರುತ್ತೇನೆ. ಬೋರ್‌ವೆಲ್ ಇದ್ದವರ ಗಡಿಯಾರ ತ್ರೀ ಫೇಸ್ ಕರೆಂಟು: ದಿನಕ್ಕೆ ಏಳು ತಾಸು, ಈ ವಾರ ಹಗಲು ಕೊಟ್ಟರೆ ಮುಂದಿನ ವಾರ ರಾತ್ರಿ, ಈ ಫೀಡರಿಗೆ ಒಂದು ಹೊತ್ತು, ಆ ಫೀಡರಿಗೆ ಇನ್ನೊಂದು. ಕಾಲುವೆ ಕೆಳಗಿನವರದು ನೀರಿನ ಪಾಳಿ. ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಹೋದವರು ಎಳ್ಳಮಾಸಿಯ ಹೊತ್ತಿಗೆ ಕಾರ್ಖಾನೆಯ ಸುತ್ತ ಗುಡಿಸಲಲ್ಲಿರುತ್ತಾರೆ. ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರಿಗೆ ಗುತ್ತಿಗೆದಾರ ರಜೆ ಕೊಟ್ಟಾಗ ಹಬ್ಬ. ಇವತ್ತಿನ ಹಳ್ಳಿಯವನಿಗೆ ಅವನ ಅಜ್ಜನಿಗಿಂತ ಹೆಚ್ಚು ಬಿಡುವಿದೆ ಎಂದೇ ನನ್ನ ಅಂದಾಜು. ಆದರೆ ಅವನ ಬಿಡುವು ನೆರೆಯವನ ಬಿಡುವಿನ ಜೊತೆ ಕೂಡಿ ಬರುವುದಿಲ್ಲ.

ಜಾಗದ ಪ್ರಶ್ನೆ ಇನ್ನೊಂದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಅಣೆಕಟ್ಟೆ ತುಂಬಿದಾಗ ಕೃಷ್ಣೆಯ ದಂಡೆಯ ಎಷ್ಟೋ ಊರು ಮುಳುಗಿದವು, ಬಾಗಲಕೋಟೆಯ ಹಳೆ ಪೇಟೆಯ ಭಾಗವೂ ಸೇರಿ. ಪುನರ್ವಸತಿ ಕೇಂದ್ರಗಳಲ್ಲಿ ರಸ್ತೆ ನೇರ, ನಿವೇಶನ ಚೌಕ, ಎಲ್ಲ ಅಚ್ಚುಕಟ್ಟು. ಅಗಸಿ ಮಾತ್ರ ಇಲ್ಲ. ಅಂಥ ಒಂದು ಕೇಂದ್ರದಲ್ಲಿ ಕಾರ ಹುಣ್ಣಿಮೆಯ ಕರಿ ಎಲ್ಲಿ ಹರಿಯಬೇಕು ಎಂಬ ಬಗ್ಗೆ ತಕರಾರು ಎದ್ದದ್ದನ್ನು ಕಂಡಿದ್ದೇನೆ. ಕೊನೆಗೆ ಬಸ್ ನಿಲ್ದಾಣದ ಹತ್ತಿರ ಎರಡು ವಿದ್ಯುತ್ ಕಂಬಗಳ ನಡುವೆ ಹಗ್ಗ ಕಟ್ಟಿದರು. ಓಡಲು ಎತ್ತು ಸಾಲದೆ ಪಕ್ಕದ ಊರಿನವರನ್ನು ಕರೆದರು. ಇನ್ನು ಕೆಲವು ಊರುಗಳಲ್ಲಿ ಅದೇ ದಿನ ಟ್ರ್ಯಾಕ್ಟರುಗಳಿಗೆ ಬಾಳೆಕಂಬ, ಬಲೂನು ಕಟ್ಟಿ ಮೆರವಣಿಗೆ ತೆಗೆಯುತ್ತಾರೆ. ಶುದ್ಧಿವಾದಿಗಳು ಇದಕ್ಕೆ ನಗುತ್ತಾರೆ. ದುಡಿದದ್ದಕ್ಕೆ ಹೂ ಮುಡಿಸುವುದು ರೂಢಿಯಾದರೆ ಈಗ ದುಡಿಯುತ್ತಿರುವುದು ಅದೇ ತಾನೆ? ನನಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಡಿಜೆ ಸ್ವಲ್ಪ ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದು.

ಹೊಸದಾಗಿ ಕೂಡುವ ದಾರಿಗಳೂ ಹುಟ್ಟಿವೆ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯನ್ನು ನಾವು ಸಾಲ-ಉಳಿತಾಯ ಎಂದಷ್ಟೇ ನೋಡುತ್ತೇವೆ. ಎತ್ತಿನ ಹಂಗಿಲ್ಲದೆ, ಗಂಡಸರ ಬಿಡುವಿಗೆ ಕಾಯದೆ ಹೆಂಗಸರು ತಾವೇ ಗೊತ್ತು ಮಾಡಿಕೊಂಡ ಹೊತ್ತು ಅದು. ಕೊ‌ಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಜನವರಿಯಲ್ಲಿ ಸುತ್ತಲಿನ ಊರೂರುಗಳಿಂದ ಟ್ರ್ಯಾಕ್ಟರುಗಟ್ಟಲೆ ಜೋಳದ ರೊಟ್ಟಿ, ಮಾದಲಿ ಹೋಗುತ್ತವೆ. ಊರಿನ ಪಾಲು ಇಷ್ಟು ರೊಟ್ಟಿ ಎಂದು ಮಾತಾಡಿಕೊಂಡು, ಮನೆಮನೆಗೆ ಹಿಟ್ಟು ಹಂಚಿಕೊಂಡು, ಬಡಿದು, ಹಲಗಿ ಬಾರಿಸುತ್ತ ಕಳಿಸುತ್ತಾರೆ. ತಮ್ಮ ಊರಿನ ಚರಗಕ್ಕೆ ಕೂಡಲಾರದವರು ಮಠದ ದಾಸೋಹಕ್ಕೆ ಕೂಡುತ್ತಾರೆ. ಅಲ್ಲಿ ದಿನ ಗಟ್ಟಿಯಾಗಿ ಗೊತ್ತಾಗಿದೆ, ಯಾರೂ ಪಾಳಿ ನೆಪ ಹೇಳುವ ಹಾಗಿಲ್ಲ.

ಹೋದ ಸಲದ ಎಳ್ಳಮಾಸಿಗೆ ನಾನು ಹೋಗಿದ್ದ ಊರಿನಲ್ಲಿ ಇದೇ ಚರ್ಚೆ. ಅಮಾವಾಸ್ಯೆ ವಾರದ ನಡುವೆ ಬಂದಿತ್ತು. ಪಟ್ಟಣದಲ್ಲಿ ನೌಕರಿ ಮಾಡುವ ಹುಡುಗರು ಚರಗವನ್ನು ಭಾನುವಾರಕ್ಕೆ ಇಡೋಣ ಅಂದರು. ಹಿರಿಯರು ಕೆರಳಿದರು. ನನ್ನನ್ನು ಕೇಳಿದಾಗ ನಾನು ಹುಡುಗರ ಕಡೆ ವಾಲಿದೆ. ಅಮಾವಾಸ್ಯೆ ಬಂದದ್ದು ಎತ್ತಿನ ರಜೆಯ ದಿನ ಎಂದು, ಈಗ ಎಲ್ಲರಿಗೂ ಒಟ್ಟಿಗೆ ಸಿಗುವ ರಜೆ ಭಾನುವಾರ ಎಂದು ನನ್ನ ವಾದವನ್ನೇ ಹೇಳಿದೆ. ಒಬ್ಬ ಅಜ್ಜ ಕೇಳಿದ: "ಸರ್, ಭೂಮಿತಾಯಿಗೂ ನೌಕರಿ ಐತೇನ್ರಿ?" ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ಎರಡನ್ನೂ ಮಾಡಿದರು: ಅಮಾವಾಸ್ಯೆಗೆ ಮನೆಮಂದಿಯ ಪೂಜೆ, ಚರಗ, ಭಾನುವಾರ ಊರವರೆಲ್ಲ ಹೊಲದಲ್ಲಿ ಕೂತು ಊಟ. ಭಾನುವಾರ ಒಂದೇ ಸಾಲು ಹಾಕಿದರು, ಕೇರಿಯ ಹುಡುಗರೂ ಬಡಿಸಿದರು. ಅಮಾವಾಸ್ಯೆಯ ಪಂಕ್ತಿ ಹೇಗಿತ್ತೆಂದು ನಾನು ಕೇಳಬೇಕಾಗಲಿಲ್ಲ, ಆ ಹುಡುಗರೇ ಹೇಳಿದರು.

ಎರಡು ಸಲ ರೊಟ್ಟಿ ಬಡಿದವರು ಮಾತ್ರ ಸಿಟ್ಟಿಗೆದ್ದಿದ್ದರು. ಮುಂದಿನ ಸಲ ಭಾನುವಾರದ ರೊಟ್ಟಿ ಪೇಟೆಯ ರೊಟ್ಟಿ ಅಂಗಡಿಯಿಂದಲೇ ಬರಬೇಕು, ದುಡ್ಡು ನೌಕರಿಯ ಹುಡುಗರು ಕೊಡಬೇಕು ಎಂದು ಪಟ್ಟು ಹಿಡಿದರು. ಕೊಂಡ ರೊಟ್ಟಿ ತಿಂದರೆ ಅದೆಂಥ ಚರಗ ಎಂದು ಗಂಡಸರ ತಕರಾರು. "ಹಂಗಾದ್ರ ನೀವ ಬಡೀರಿ, ನಾವ ಕೂಗ್ತೀವಿ" ಎಂದರು ಹೆಂಗಸರು. ಗಂಡಸರು ಇನ್ನೂ ಒಪ್ಪಿಲ್ಲ.